ನಾಕನೇದವ

ಶಾಬಾದದಾಗ ಕರೆಂಟು ಹೋದ ಮಧ್ಯಾಹ್ನ
ತಣ್ಣನ ಫರಸಿ ಮ್ಯಾಲ ಬೋರಲು ಬಿದ್ದು
ಅಣ್ಣನ ಮಗ ಯಲ್ಲಾಲಿಂಗ ಮೊಬೈಲು ಚಾಚಿದ:
ಅತ್ತಿ, ಈ ಬ್ಯಾಂಡಿನ್ಯಾಗ ಮನಷ್ಯಾರೇ ಇಲ್ಲ ನೋಡು.

ನಾಕು ಮಂದಿ. ನಾಕೂ ಚಿತ್ರ.
ಹಾಡಾಕಿ ಟೀಲಾ, ಹಸರು ತೊಗಲು,
ಕೂದಲು ಬಾವ್ಯಾಗಿನ ಪಾಚಿಯಂಗ ತೇಲ್ತಾವ.
ಡ್ರಮ್ಮಿನವನಿಗೆ ಕೈ ಮೂರು, ಮೂರನೇದರಾಗ ಚಾದ ಕಪ್ಪು.
ಗಿಟಾರು ಹಿಡದದ್ದು ಕನ್ನಡಕದ ಮುಂಗಸಿ.
ಮುಂಗಸಿ ಹುಟ್ಟಿದ ತಾರೀಖು ಹುಡುಗಗ ಬಾಯಿಪಾಠ,
ನಂದು ಕೇಳಿದರ ಪಿತೃಪಕ್ಷದಾಗ ಅಂತಾನ.
ನಾಕನೇದವ ಟ್ರಂಪೆಟ್ ಊದಾವ.
ಎಂದೂ ತಿರುಗಿ ನೋಡೂದಿಲ್ಲ.
ಹತ್ತು ಹಾಡು, ಹತ್ತರಾಗೂ ಬೆನ್ನೇ.

ಅಂವನ ಮಾರಿ ಹ್ಯಾಂಗದ?
ಬರದೇ ಇಲ್ಲತ್ತಿ.

ಬರೀಲಾರದ್ದಕ್ಕೇ ಇರಬೇಕು, ನನಗೂ ಬಿಡಲಾಗಲಿಲ್ಲ.
ಅವರು ಮದುವಿ ಮನ್ಯಾಗ ಕಡೀ ಪಂಕ್ತಿಗೆ ಕಾಯೂದಿಲ್ಲ.
ನೀರು ಕೊಡೂಮುಂದ, ತಂಬಗಿ ಎತ್ತಿ ಹಿಡದು,
ನೀವು ಯಾವ ಮಂದಿ ಅಂತ ಯಾರೂ ಕೇಳೂದಿಲ್ಲ.
ಹಸರು ತೊಗಲಿನಾಕಿದು ಯಾವ ಓಣಿ ಅಂತ ಹೇಳ್ತೀರಿ?

ನಾನು ದರ್ಜಿ. ಭಾಗ್ಯವಂತಿ ಬ್ರಾಸ್ ಬ್ಯಾಂಡಿನ
ಹದಿನಾಲ್ಕು ಕೆಂಪು ಕೋಟು ಈ ಮಷೀನಿನ ಮ್ಯಾಲೇ ಆಗ್ಯಾವ.
ಎದಿಗೆ ಆರು ಗುಂಡಿ. ಹೆಸರು ಮಾತ್ರ ಬೆನ್ನಿಗೆ,
ಜರಿ ದಾರದಾಗ, ಫೋನ್ ನಂಬರಿನ ಸಮೇತ.
ಗಿರಾಕಿ ಬರೂದು ಹಿಂದಿಂದ, ಅಂತಿದ್ದ ಅಪ್ಪ.
ಬ್ಯಾಸಗಿ ಲಗ್ನ ಮುಗಿಸಿ ಬಂದ ಕೋಟಿನ ಬಗಲಾಗ
ಉಪ್ಪಿನ ನಕಾಶೆ ಒಣಗಿರ್ತಿತ್ತು.
ಚಿತ್ರದವನ ಕೋಟಿಗೆ ಉಪ್ಪಿಲ್ಲ. ಹೊಲಿಗಿ ಇಲ್ಲ.
ಹೊಟ್ಟಿಕಿಚ್ಚಾತು, ಖರೆ ಹೇಳ್ತೀನಿ.

ಅಪ್ಪ ಸಾಯಬಣ್ಣ ಮೂಲ್ಯಾಗ ಕೂತಿದ್ದ.
ಮುಂದಿನ ಎರಡು ಹಲ್ಲು ಹೋದ ವರ್ಷವೇ
ಅಂವನ ಟ್ರಂಪೆಟ್ ಗೂಟಕ್ಕೇರಿತು.
ತುಟಿಗೆ ಆನಿಕಿ ಇಲ್ಲದ ಮ್ಯಾಲ ಸ್ವರ ಎಲ್ಲಿ ನಿಂದರಬೇಕು?
ಕಣ್ಣಿಗೆ ಪೊರಿ. ಮೊಬೈಲು ಕೊಟ್ಟರ
ಫೋನು ಬಂದವರಂಗ ಕಿವಿಗೆ ಹಚ್ಚಿಕೊಂಡ.
ಭಾಳ ಹೊತ್ತಿನ ಮ್ಯಾಲ, ಇಲ್ಲಿ ಉಸಿರು ತಗೊಂಡ, ಅಂದ.
ಮುತ್ಯಾ, ಅಂವ ಚಿತ್ರ.
ಇರ್ಲಿ ಬಿಡು. ಮತ್ತ ತಗೊಂಡ. ಮೂಗು ಕಟ್ಟ್ಯದ, ಪಾಪ.

ಮಾರಿ ಇಲ್ಲದ ಸಂಗತಿ ಹೇಳಿದೆವು.
ಅಪ್ಪಗ ಅದರಾಗ ಹೊಸಾದೇನೂ ಕಾಣಲಿಲ್ಲ.
ಬಾರಾತಿನ್ಯಾಗ ನಾವು ಮುಂದ, ಕುದುರಿ ಹಿಂದ.
ನಲವತ್ತು ವರ್ಷ ಎಷ್ಟು ಮದುಮಕ್ಕಳು
ನನ್ನ ಬೆನ್ನು ನೋಡಿಕೋತ ಲಗ್ನಾದರು.
ಒಬ್ಬನೂ ಬಜಾರದಾಗ ಗುರುತು ಹಿಡೀಲಿಲ್ಲ.
ಚೊಲೋನೇ ಇತ್ತು.
ನಿಮ್ಮವ್ವ ಸತ್ತ ಒಂಬತ್ತನೇ ದಿನ ವಾಡಿಯೊಳಗ ಒಂದು ಬಾರಾತು,
ಮುಂಗಡ ತಗೊಂಡು ಖರ್ಚಾಗಿತ್ತು.
ಅಳಕೋತ ಊದೀನಿ.
ಹಿಂದ ಕುಣಿಯೋರು ಕುಣಿದರು.

ಕರೆಂಟು ಬಂತು. ಫ್ಯಾನು ಒಂದು ಸುತ್ತು ಅನುಮಾನಿಸಿ ತಿರುಗಿತು.
ಯಾರೂ ಮಾತಾಡಲಿಲ್ಲ.
ನಾನು ವಿಡಿಯೋ ನಿಲ್ಲಿಸಿ, ಎರಡು ಬೆರಳಿಲೆ ಹಿಗ್ಗಿಸಿ
ಆ ಬೆನ್ನು ನೋಡಿದೆ, ಅಳತಿ ತಗೊಳ್ಳೂವಂಗ.
ಎಡ ಭುಜದ ಕೆಳಗ ಒಂದು ಮಡಿಕಿ.
ಉಳಿದ ಗೆರಿಗಿಂತ ತೆಳ್ಳಗ, ಹೇಳಿದರಷ್ಟೇ ಕಾಣೂವಂಥಾದ್ದು.
ಟ್ರಂಪೆಟ್ ಎತ್ತಿದವರಿಗೇ ಬೀಳೂ ಮಡಿಕಿ ಅದು.
ಅಪ್ಪನ ಕೋಟಿನ್ಯಾಗ, ಎಷ್ಟು ಇಸ್ತ್ರಿ ಹೊಡದರೂ
ಹೋಗಲಾರದ್ದು.
ಯಾವ ದೇಶದಾವನೋ, ಹೆಣ್ಣೋ ಗಂಡೋ,
ಯಾರದೋ ಹಿಂದ ನಿಂತು
ಇಷ್ಟು ನೋಡ್ಯಾರ.

ಟ್ರಂಕು ತಗದು ಆ ಕೋಟು ಯಲ್ಲಾಲಿಂಗಗ ತೊಡಿಸಿದೆ.
ತೋಳು ಉದ್ದಾದವು, ನುಸಿಗುಳಿಗಿ ವಾಸನಿಗೆ ಸೀನಿದ.
ತಿರುಗು, ಅಂದೆ.
ತಿರುಗಿ ನಿಂತ.
ಜರಿ ಕರ್ರಗಾಗ್ಯದ,
ನಂಬರಿನ್ಯಾಗಿನ ಒಂದು ಏಳು ಉದುರ್ಯದ.